ಮೊಖೊವೊದ ಒಂಬತ್ತು ಹೊಗೆ

ಪ್ರಿಸ್ಟಾನ್ ಹಳ್ಳಿ, ಸುಲೊಂಗ ತಾಲ್ಲೂಕು
೫ ಡಿಸೆಂಬರ್ ೨೦೧೦, ಭಾನುವಾರ

ನನ್ನ ರೂಫಾ,

ಮೊದಲು ಖರ್ಚಿನ ಬಾಬ್ತು ಹೇಳಿಬಿಡುತ್ತೇನೆ, ಕುಶಲೋಪರಿ ಆಮೇಲೆ. ಈ ಇಡೀ ವ್ಯವಹಾರಕ್ಕೆ ತಗುಲಿದ್ದು: ಬರ್ಚ್ ಸೌದೆ ಮೂರು ಗಾಡಿ, ಅದರಲ್ಲಿ ಒಂದು ಗಾಡಿ ಹಸಿ. ಬೀಗದ ಕೀಲಿ ಮೂರು. ಸ್ಕೀ ಒಂದು ಜೊತೆ, ಎಡಗಾಲಿನದು ಹೊಳೆಪಾಲು. ಕಿಟಕಿ ಗಾಜು ಎರಡು. ನನ್ನ ಬಲಗೈಯ ಎರಡು ಉಗುರು. ನೀರಲ್ಲಿ ನೆನೆದು ಮುದ್ದೆಯಾದ ಬ್ರೆಡ್ಡು ಏಳು. ಸುಳ್ಳು, ಬರಹದಲ್ಲಿ ಮೂರು. ಬಾಯಿಮಾತಿನಲ್ಲಿ ಆಡಿದ್ದನ್ನು ಎಣಿಸಿಲ್ಲ. ಇನ್ನೂ ಒಂದು ಬಾಬ್ತು ಉಳಿದಿದೆ. ಅದನ್ನು ಎಲ್ಲಿ ಬರೆಯಬೇಕು ಅಂತ ತಿಳಿಯದೆ ಹದಿನಾರು ದಿನ ಪೆನ್ನು ಹಿಡಿದುಕೊಂಡು ಕೂತಿದ್ದೆ. ಪತ್ರ ತಡವಾದದ್ದಕ್ಕೆ ಕಾರಣ ಅದು. ಅಂಚೆಯವರನ್ನು ಬೈಯಬೇಡ, ಈ ಸಲ ಅವರದೇನೂ ತಪ್ಪಿಲ್ಲ. ನನ್ನನ್ನು ಬೈಯಿ.

ನಿನ್ನ ಸೊಂಟ ಹೇಗಿದೆ? ಆಪರೇಷನ್ ಆದ ಮೇಲೆ ಕೋಲು ಹಿಡಿದು ಬಾಗಿಲ ತನಕ ನಡೆದೆ ಅಂತ ಬರೆದಿದ್ದೆ. ಮೂರ್ಮನ್ಸ್ಕ್‌ನ ರಸ್ತೆಯಲ್ಲಿ ಮಂಜುಗಡ್ಡೆ ಕಟ್ಟಿರುತ್ತದೆ, ಬಾಗಿಲಿಂದ ಆಚೆ ಹೋಗಬೇಡ. "ಗೇನಾ ಆಸ್ಪತ್ರೆಯಲ್ಲಿ. ಜೀವಕ್ಕೆ ಅಪಾಯವಿಲ್ಲ. ಪತ್ರ ಬರೆಯುತ್ತೇನೆ" ಅಂತ ತಂತಿ ಕೊಟ್ಟವಳು ನಾನೇ. ನಿನ್ನ ತಮ್ಮ ಬದುಕಿದ್ದಾನೆ, ರೂಫಾ. ಊಟ ಮಾಡುತ್ತಾನೆ. ನಿನ್ನೆ ಗಂಜಿಯಲ್ಲಿ ಬೆಣ್ಣೆ ಇಲ್ಲ ಅಂತ ನರ್ಸಮ್ಮನ ಮೇಲೆ ರೇಗಿದ. ಇದನ್ನು ಮೊದಲೇ ಹೇಳಿದ್ದು ಉಳಿದದ್ದನ್ನು ನೀನು ಸಮಾಧಾನವಾಗಿ ಓದಲಿ ಅಂತ. ಕೂತುಕೊಂಡು ಓದು.

ನಿನಗೆ ನಮ್ಮ ತಾಲ್ಲೂಕು ಮರೆತಿರಲಾರದು, ಆದರೂ ಹದಿನಾರು ವರ್ಷದಲ್ಲಿ ಅದೂ ತೊಳೆದ ಉಣ್ಣೆಬಟ್ಟೆ ಥರ ಕುಗ್ಗಿದೆ. ಕಚೇರಿಯ ಗೋಡೆ ಮೇಲೆ ಹೊಸ ನಕ್ಷೆ ಹಾಕಿದ್ದಾರೆ. ಆಕಾರ ಅದೇ, ಕೈಗವಸಿನದು. ಹೊಳೆಯಾಚೆಗೆ ಚಾಚಿದ ಹೆಬ್ಬೆರಳು, ಅದರ ತುದಿಯಲ್ಲಿ ನಿಮ್ಮ ಮೊಖೊವೊ. ಪಟ್ಟಿಯಲ್ಲಿ ನೂರ ಎಂಬತ್ತಮೂರು ಹಳ್ಳಿ. ಅವುಗಳಲ್ಲಿ ನಾಯಿ ಬೊಗಳುವುದು ಎಪ್ಪತ್ತಾರರಲ್ಲಿ. ಉಳಿದವು ನಕ್ಷೆಯಲ್ಲಿ ಚುಕ್ಕೆ, ನೆಲದ ಮೇಲೆ ತುರಿಕೆ ಸೊಪ್ಪು. ನನಗೆ ನಕ್ಷೆ ಬೇಕಿಲ್ಲ. ಹಿಮದ ಮೇಲೆ ಜಾರುಗಾಡಿಯಲ್ಲಿ ಉಪ್ಪು, ಬೆಂಕಿಪೊಟ್ಟಣ ಎಳೆದು ಮಾರುತ್ತಿದ್ದವಳು ಇವತ್ತು ವ್ಯಾನಿನಲ್ಲಿ ಅಂಗಡಿ ಇಟ್ಟುಕೊಂಡು ಐವತ್ತೊಂದು ಹಳ್ಳಿ ಸುತ್ತುತ್ತೇನೆ. ಯಾವ ಊರಲ್ಲಿ ಎಷ್ಟು ಜನ ಅನ್ನುವುದು ನನ್ನ ಬ್ರೆಡ್ಡಿನ ಬುಟ್ಟಿಗೆ ಗೊತ್ತು. ವಾರಕ್ಕೆ ಎರಡು ಸಲ, ತಲೆಗೆ ಒಂದು. ಬುಟ್ಟಿಯಲ್ಲಿ ಒಂದು ಉಳಿದರೆ ಯಾರೋ ಹೋದರು ಅಂತ ಅರ್ಥ, ಸ್ಮಶಾನಕ್ಕೋ ಪಟ್ಟಣಕ್ಕೋ.

ಅದಕ್ಕೇ ಅಕ್ಟೋಬರಿನಲ್ಲಿ ಜನಗಣತಿ ಬಂದಾಗ ಅರ್ಸೆನಿ ಲ್ವೋವಿಚ್ ನನ್ನನ್ನು ಕರೆಸಿದ. ಅವನು ತಾಲ್ಲೂಕಿನ ಉಪಮುಖ್ಯಸ್ಥ, ನಿನಗೆ ಗೊತ್ತಿಲ್ಲ, ಹೊಸಬ. ಕೋಟು ಒಳ್ಳೆಯದು, ಎದೆ ಸಣ್ಣದು. "ಕಪಿತೊಲಿನಾ ಎಗೊರೊವ್ನ, ನಿಮಗೆ ವ್ಯಾನ್ ಇದೆ, ಬಾಯಿ ಇದೆ. ನದಿ ಕಡೆಯ ಹಳ್ಳಿಗಳನ್ನ ನೀವೇ ಎಣಿಸಿಕೊಡಿ" ಅಂದ. ಒಂದು ನೀಲಿ ಶಾಲು, ಒಂದು ಟಾರ್ಚು, ನಾಯಿ ಹೆದರಿಸಲು ಒಂದು ಸೀಟಿ ಕೊಟ್ಟರು. ಸೀಟಿ ಊದಿದರೆ ನಮ್ಮ ನಾಯಿಗಳು ಬಾಲ ಆಡಿಸಿಕೊಂಡು ಬರುತ್ತವೆ, ಅದು ಬೇರೆ ಮಾತು.

ಆಗಲೇ ಅವನು ಇನ್ನೊಂದು ಮಾತನ್ನೂ ಹೇಳಿದ. ಹೊಸ ನಿಯಮ. ಹತ್ತು ಜನಕ್ಕಿಂತ ಕಡಿಮೆ ಇರುವ ಊರಿಗೆ ಈ ವರ್ಷದಿಂದ ಹೊಳೆದಾರಿ ಇಲ್ಲ. ಹೆಪ್ಪುಗಟ್ಟಿದ ಹೊಳೆಯ ಮೇಲೆ ಕೊಂಬೆ ಹಾಸಿ, ನೀರು ಹೊಯ್ದು ಗಟ್ಟಿಮಾಡಿ, ಏಪ್ರಿಲ್ ತನಕ ಹಿಮ ಬಳಿದು ದಾರಿ ಇಡುತ್ತಾರಲ್ಲ, ಅದಕ್ಕೆ ಡೀಸೆಲ್ ಇಲ್ಲವಂತೆ.

"ಮೊಖೊವೊದಲ್ಲಿ ಎಷ್ಟು ಜನ?" ಅಂತ ಕೇಳಿದ.

"ಎಣಿಸಿದ ಮೇಲೆ ಹೇಳ್ತೀನಿ," ಅಂದೆ. ಬುಟ್ಟಿಗೆ ಗೊತ್ತಿತ್ತು. ಏಳು.

"ನನ್ನ ಕೈಲೇನೂ ಇಲ್ಲ. ಕಾಗದ ಹಾಗೆ ಹೇಳುತ್ತೆ."

"ಕಾಗದಕ್ಕೆ ಹೊಟ್ಟೆನೋವು ಬರಲ್ಲ ಬಿಡಿ, ಅರ್ಸೆನಿ ಲ್ವೋವಿಚ್."

ಹೋದ ವರ್ಷ ಹಿಮ ಬಳಿಯಲು ಹತ್ತು ದಿನ ಬರಲಿಲ್ಲ. ಆ ಹತ್ತು ದಿನದಲ್ಲೇ ನಿಮ್ಮೂರಿನ ಮಕಾರನ ಹೊಟ್ಟೆಯೊಳಗೆ ಏನೋ ಒಡೆಯಿತು. ಆಂಬುಲೆನ್ಸ್ ಈಚೆ ದಡದಲ್ಲಿ ದೀಪ ಹಚ್ಚಿಕೊಂಡು ನಿಂತಿತ್ತು, ಅವನು ಆಚೆ ದಡದಲ್ಲಿ ಸಾಯುವ ತನಕ ಕಿರುಚುತ್ತಿದ್ದ. ಅದನ್ನು ಕೇಳಿದವರು ಯಾರೂ ಇನ್ನೊಂದು ಚಳಿಗಾಲ ಹೊಳೆದಾರಿ ಇಲ್ಲದೆ ಕಳೆಯುವ ಮಾತಾಡುವುದಿಲ್ಲ.

ಹಾಗಾಗಿ ಶಾಲು ಹೊದ್ದು, ದೋಣಿಯಲ್ಲಿ ದಾಟಿ, ಕ್ಲಾವಳ ಅಡುಗೆಮನೆಯಲ್ಲಿ ಏಳೂ ಜನರನ್ನು ಕೂರಿಸಿಕೊಂಡೆ. ನಿನ್ನ ತಮ್ಮ ಈಗ ಮೂರು ವರ್ಷದಿಂದ ಕ್ಲಾವಳ ಮನೆಯಲ್ಲೇ ಇದ್ದಾನೆ. ಮದುವೆ ಅನ್ನಲ್ಲ ಅವರು, "ಸೌದೆ ಉಳಿಯುತ್ತೆ" ಅನ್ನುತ್ತಾರೆ. ಅವರಿಬ್ಬರದು ಒಂದು ಮನೆ, ಕಣಿವೆಯಾಚೆ ಕೊನೆಯಲ್ಲಿ ಉಸ್ತಿನ್ಯಜ್ಜಿಯದು ಒಂದು, ಉಳಿದ ನಾಲ್ವರದು ನಾಲ್ಕು. ಏಳು ಜನ, ಆರು ಒಲೆ.

"ಇನ್ನೂ ಮೂರು ಜನ ಬೇಕು," ಅಂದೆ.

"ಗುಡ್ಡದ ಮೇಲೆ ಶಿಲುಬೆ ಕೆಳಗೆ ಬೇಕಾದಷ್ಟು ಜನ ಇದಾರೆ, ಆರಿಸ್ಕೋ," ಅಂದಳು ಉಸ್ತಿನ್ಯಜ್ಜಿ. "ನಮ್ಮೆಜಮಾನ್ರನ್ನ ಮಾತ್ರ ಬೇಡ. ಈಗ ತಾನೆ ನೆಮ್ಮದಿಯಾಗಿದೀನಿ."

"ಸತ್ತೋರು ಆಗಲ್ಲ ಅಜ್ಜಿ, ಪಿಂಚಣಿ ಕಚೇರಿಯವರು ಹಿಡೀತಾರೆ. ಎಲ್ಲೋ ಬದುಕಿರೋರು ಬೇಕು. ಮನೆ ಇಲ್ಲಿರಬೇಕು."

ಆಗ ಗೇನಾ ಹೇಳಿದ, "ನಮ್ಮ ರೂಫಕ್ಕನ್ನ ಬರಿ."

"ಅವಳು ಊರು ಬಿಟ್ಟು ಹದಿನಾರು ವರ್ಷ ಆಯ್ತಲ್ಲೋ."

"ಊರು ಬಿಟ್ಟಿದಾಳೆ, ಮನೆ ಬಿಟ್ಟಿಲ್ಲ. ಅವಳ ಹಳೇ ಕೋಟು ಇನ್ನೂ ಗೂಟದಲ್ಲೇ ನೇತಾಡ್ತಾ ಇದೆ. ಕಿಟಕೀಲಿ ನೋಡಿದೀನಿ."

ಹಾಗೆ ಹತ್ತನೆಯವಳು ನೀನಾದೆ, ರೂಫಾ. ಮೇಷ್ಟರ ಮಗನನ್ನೂ ಹಳೇ ಅಂಚೆಯವಳ ಮಗಳನ್ನೂ ಎಂಟು, ಒಂಬತ್ತಕ್ಕೆ ಹಾಕಿದೆ. ಗಣತಿಯಲ್ಲಿ ಯಾರೂ ದಾಖಲೆ ಕೇಳುವುದಿಲ್ಲ, ಬಾಯಲ್ಲಿ ಹೇಳಿದ್ದೇ ಬರಹ. ನಿನ್ನ ಉದ್ಯೋಗ "ಮನೆಗೆಲಸ" ಅಂತ ಬರೆದೆ. ಯಾರಾದರೂ ಕೇಳಿದರೆ ಅಕ್ಟೋಬರಿನಲ್ಲಿ ಮೊಖೊವೊದಲ್ಲೇ ಇದ್ದೆ ಅನ್ನು. ಕೇಳುವುದಿಲ್ಲ, ಆದರೂ ಗೇಟಿನ ಸದ್ದಾದರೆ ಕಚೇರಿಯವರೇ ಬಂದರು ಅಂತ ಬೆಚ್ಚುತ್ತೇನೆ.

ಅರ್ಸೆನಿ ಲ್ವೋವಿಚ್ ಪಟ್ಟಿ ನೋಡಿ, "ಸರಿಯಾಗಿ ಹತ್ತು?" ಅಂದ.

"ಹನ್ನೊಂದಾದ್ರೆ ನಿಮಗೆ ಅನುಮಾನ ಬರ್ತಿತ್ತಲ್ಲ," ಅಂದೆ.

ಅವನು ನಗಲಿಲ್ಲ. "ಹೊಳೆ ಕಟ್ಟಿದ ಮೇಲೆ ನಾನೇ ದಡದಲ್ಲಿ ನಿಂತು ಹೊಗೆ ನೋಡ್ತೀನಿ. ಹೊಳೆದಾರಿ ಮಾಡೋ ಯಂತ್ರ ಬರೋ ತನಕ ಯಾವಾಗ ಬೇಕಾದ್ರೂ ಬಂದು ನೋಡ್ತೀನಿ," ಅಂದ. ಸಣ್ಣ ಎದೆಯವನಾದರೂ ಅವನ ಅಜ್ಜಿ ನದಿಯ ಕಡೆಯವಳೇ ಇರಬೇಕು.

ನೀನು ಮರೆತಿರಲ್ಲ. ಕೊನೆಯ ದೋಣಿ ಮೇಲೆತ್ತಿದ ದಿನದಿಂದ ಮೊದಲ ಜಾರುಗಾಡಿ ದಾಟುವ ದಿನದ ತನಕ ಮೂರು ವಾರ, ಆಚೆಗೆ ಹೋಗುವಂತಿಲ್ಲ, ಈಚೆಗೆ ಬರುವಂತಿಲ್ಲ. ನಿನ್ನಮ್ಮ, ನನ್ನಮ್ಮ, ಅವರಮ್ಮಂದಿರು, ಎಲ್ಲರೂ ಬೆಳಿಗ್ಗೆ ಎದ್ದು ದಡದ ಮೇಲೆ ನಿಂತು ಆಚೆ ಊರಿನ ಹೊಗೆ ಎಣಿಸುತ್ತಿದ್ದರು. ಆಚೆಯ ಮನೆಗಳು ಎರಡು ಮೈಲಿ ಉದ್ದಕ್ಕೆ ಚೆಲ್ಲಿಕೊಂಡಿವೆ, ಅಲ್ಲಿನವರಿಗೆ ಒಬ್ಬರದು ಒಬ್ಬರಿಗೆ ಕಾಣದು. ಈಚೆಯಿಂದ ಸಾಲಾಗಿ ಎಲ್ಲವೂ ಕಾಣುತ್ತವೆ. ಹೊಗೆ ಸರಿಯಿದ್ದರೆ ಎಲ್ಲರೂ ಇದ್ದಾರೆ. ಒಂದು ಕಡಿಮೆಯಾದರೆ, ಮಂಜುಗಡ್ಡೆ ಹೇಗಾದರೂ ಇರಲಿ, ಯಾರಾದರೂ ಹೋಗಲೇಬೇಕು. ಆಚೆಯ ಫೋನ್ ಕಂಬ ವಸಂತದಿಂದ ಸತ್ತಿದೆ, ಮೊಬೈಲು ಅಲ್ಲಿ ಹಿಡಿಯದು. ಇವತ್ತಿಗೂ ಹೊಗೆಯೇ ಅವರ ಬಾಯಿ. ನಮ್ಮಮ್ಮ ಹೋದ ಮೇಲೆ ಎಣಿಸುವ ಕೆಲಸ ನನ್ನದು. ಬ್ರೆಡ್ಡಿನ ಪುಸ್ತಕದ ಹಿಂಬದಿಯಲ್ಲಿ ದಿನವೂ ಬರೆದಿಡುತ್ತೇನೆ.

ಈಗ ಹತ್ತು ಜನಕ್ಕೆ ಒಂಬತ್ತು ಹೊಗೆ ಬೇಕಲ್ಲ. ಮೂರು ಖಾಲಿ ಮನೆಗೆ ದಿನವೂ ಒಲೆ ಹಚ್ಚಬೇಕು. ಎರಡನ್ನು ಪಕ್ಕದವರು ವಹಿಸಿಕೊಂಡರು. ನಿನ್ನದನ್ನು ಗೇನಾ.

ನಿನ್ನ ಮನೆಯ ಕೀಲಿ ನನ್ನ ಹತ್ತಿರ ಇತ್ತು. ನೀನು ಅದನ್ನು ಕೊಡುವಾಗ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಏನು ಹೇಳಿದ್ದೆ ಅನ್ನುವುದೂ ನೆನಪಿತ್ತು. "ಯಾರಿಗೂ ಕೊಡಬೇಡ ಕಾಪಾ. ಗೇನಾಗಂತೂ ಕೊಡಲೇಬೇಡ." ಕೊಟ್ಟೆ. ಅವನು ಕೈಚಾಚಿ ನಿಂತಿದ್ದ, ಕುಡಿದಿರಲಿಲ್ಲ, ಗಡ್ಡ ಬೋಳಿಸಿಕೊಂಡಿದ್ದ. "ಕಾಪಕ್ಕಾ, ಮೊದಲನೇ ಸಲ ಊರಿಗೆ ನನ್ನಿಂದ ಏನೋ ಆಗ್ಬೇಕಾಗಿದೆ," ಅಂದ. ನಿನಗೊಂದು ಕಾರ್ಡು ಬರೆದು ಕೇಳಬಹುದಿತ್ತು. ಕೇಳಿದರೆ ಬೇಡ ಅನ್ನುತ್ತೀಯ ಅಂತ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ನವೆಂಬರ್ ಐದಕ್ಕೆ ದೋಣಿ ಮೇಲೆತ್ತಿದೆವು. ಎಂಟಕ್ಕೆ ಅರ್ಸೆನಿ ಲ್ವೋವಿಚ್ ದುರ್ಬೀನು ಹಿಡಿದು ಬಂದ. ಒಂಬತ್ತು ಹೊಗೆ, ನೆಟ್ಟಗೆ, ಬಿಳಿ ನೂಲು ಇಳಿಬಿಟ್ಟ ಹಾಗೆ. "ತುಂಬಿದ ಊರು," ಅಂದ. ನನಗೆ ಹೆಮ್ಮೆ ಆಯಿತು, ಯಾಕೆ ಸುಳ್ಳು ಹೇಳಲಿ. ನಿನ್ನ ಮನೆಯ ಮೇಲೆ ಹೊಗೆ ನೋಡಿ ನೀನೇ ಒಳಗೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದೀಯ ಅನ್ನಿಸಿತು.

ಹೆದರಿಕೆ ಶುರುವಾದದ್ದು ಮಾರನೇ ಬೆಳಿಗ್ಗೆ. ಎಂದಿನಂತೆ ದಡಕ್ಕೆ ಹೋಗಿ ಒಂಬತ್ತು ಅಂತ ಬರೆದೆ. ಬರೆದ ಮೇಲೆ ಆ ಅಂಕೆಯನ್ನೇ ನೋಡುತ್ತಾ ನಿಂತುಬಿಟ್ಟೆ. ಆರು ಅಂತ ಬರೆಯುವಾಗ ಅದು ಆರು ಮನೆಯ ಉಸಿರು. ಈ ಒಂಬತ್ತು ಏನು? ನಲವತ್ತು ವರ್ಷ ತೂಕ ಮಾಡಿದ ತಕ್ಕಡಿಗೆ ನಾನೇ ಒಂದು ಕಲ್ಲು ಕಟ್ಟಿದ್ದೆ. ಗಾಳಿ ಬಂದು ಎರಡು ಹೊಗೆ ಕೂಡಿಕೊಂಡರೆ ಅವು ಬೇರೆಯಾಗುವ ತನಕ ದಡ ಬಿಡುತ್ತಿರಲಿಲ್ಲ. ಮೇಷ್ಟರ ಮನೆಯದು ತಡವಾದರೆ, ಅದು ಖಾಲಿ ಮನೆ ತಾನೆ ಅಂತ ಸಮಾಧಾನ. ಆ ಸಮಾಧಾನದಿಂದಲೇ ಮತ್ತೆ ಭಯ. ವ್ಯಾನಿನಲ್ಲಿ ಗಿರಾಕಿಗೆ ಸಕ್ಕರೆ ತೂಗುವಾಗಲೂ ಬಾಯಲ್ಲಿ ಒಂದು, ಎರಡು, ಮೂರು. "ಕಾಪಾ, ಯಾರಿಗೆ ಜಪ ಮಾಡ್ತಿದೀಯ?" ಅಂತ ಪಕ್ಕದ ಮನೆಯ ಸ್ತೆಪಾನ್ ಕೇಳಿದ. "ನಿನ್ನ ಬಾಕಿಗೆ" ಅಂದೆ. ನಕ್ಕ. ನನಗೆ ನಗು ಬರಲಿಲ್ಲ.

ನವೆಂಬರ್ ಹತ್ತೊಂಬತ್ತು, ಶುಕ್ರವಾರ. ಬೆಳಿಗ್ಗೆ ಎಣಿಸಿದೆ. ಏಳು. ಮತ್ತೆ ಎಣಿಸಿದೆ. ಏಳು. ಇಲ್ಲದ್ದರಲ್ಲಿ ಒಂದು ನಿನ್ನ ಮನೆಯದು. ಇನ್ನೊಂದು ಕೊನೆಯ ಮನೆಯದು, ಉಸ್ತಿನ್ಯಜ್ಜಿಯದು. ಅವಳಿಗೆ ಎಂಬತ್ತೆಂಟು. ಸೂರ್ಯ ಕಾಡಿನ ಮೇಲೆ ಬರುವ ತನಕ ಕಾದೆ. ಸುಮ್ಮನೆ ಅಲ್ಲ, ಧೈರ್ಯ ಬರಲಿ ಅಂತ. ಬರಲಿಲ್ಲ.

ಸ್ತೆಪಾನ್‌ಗೆ ಆಂಬುಲೆನ್ಸಿಗೆ ಫೋನ್ ಮಾಡಲು ಹೇಳಿದೆ. ಅವನು, "ಮೂರು ಬೆರಳು ದಪ್ಪ ಇಲ್ಲ ಗಡ್ಡೆ. ನಿನ್ನ ತೂಕ ನಿನಗೆ ಗೊತ್ತಾ?" ಅಂದ. "ತೂಕದ ವಿಷಯ ವ್ಯಾಪಾರಸ್ಥಳಿಗೆ ಹೇಳ್ಕೊಡಬೇಡ" ಅಂದು ಸ್ಕೀ ಕಟ್ಟಿಕೊಂಡೆ. ಉದ್ದದ ಗಳು ಅಡ್ಡಕ್ಕೆ ಹಿಡಿದೆ, ಒಡೆದರೆ ತೋಳಿಗೆ ಆಸರೆ ಇರಲಿ ಅಂತ. ಬೆನ್ನಿಗೆ ಬ್ರೆಡ್ಡಿನ ಚೀಲ. ಯಾಕೆ ಬ್ರೆಡ್ಡು ಅಂತ ಕೇಳಬೇಡ. ಬರಿಗೈಯಲ್ಲಿ ಆ ಊರಿಗೆ ಹೋಗಿ ಗೊತ್ತಿಲ್ಲ ನನಗೆ.

ಹೊಳೆಯ ನಡುವೆ ಗಡ್ಡೆ ಕಪ್ಪಗಿತ್ತು. ಕಪ್ಪು ಗಡ್ಡೆ ಅಂದರೆ ಕೆಳಗೆ ನೀರು ಓಡುವುದು ಕಾಣುತ್ತದೆ. ಒಂದು ಎಲೆ ನನ್ನ ಕಾಲ ಕೆಳಗೇ ತೇಲಿಹೋಯಿತು, ರೂಫಾ. ನಾನು ನಿಂತೆ. ನಿಲ್ಲಬಾರದು, ನಿಂತರೆ ಬಾಗುತ್ತದೆ ಅಂತ ಮೂರನೇ ವಯಸ್ಸಿಗೇ ಕಲಿತದ್ದು, ಆದರೂ ಕಾಲು ಏಳಲಿಲ್ಲ. ಎಡಗಡೆ ಟಪ್ ಅಂತ ಸದ್ದಾಯಿತು, ಸ್ಕೀಯ ತುದಿ ಒಳಗೆ ಹೋಯಿತು, ಮೊಣಕಾಲ ತನಕ ನೀರು. ಗಳುವಿನ ಮೇಲೆ ಎದೆಯೂರಿ ಬಿದ್ದು, ಪಟ್ಟಿ ಕಿತ್ತು, ಹೊಟ್ಟೆಯ ಮೇಲೆ ತೆವಳಿದೆ. ಐವತ್ತೆಂಟು ವರ್ಷದ ಹೆಂಗಸು ನೀರುನಾಯಿಯ ಹಾಗೆ ತೆವಳುವುದನ್ನು ಈಚೆ ದಡದಲ್ಲಿ ನಾಲ್ಕು ಜನ ನಿಂತು ನೋಡಿದರಂತೆ. ಉಗುರು ಹೋದದ್ದು ಅಲ್ಲಿ. ಬ್ರೆಡ್ಡು ನೆನೆದದ್ದೂ ಅಲ್ಲಿ.

ಅಜ್ಜಿಯ ಮನೆ ದೂರ. ದಾರಿಯಲ್ಲಿ ಕ್ಲಾವಳನ್ನು ಕರೆದುಕೊಳ್ಳೋಣ ಅಂತ ಅವಳ ಬಾಗಿಲು ತಳ್ಳಿದರೆ, ಮೇಜಿನ ಮುಂದೆ ಉಸ್ತಿನ್ಯಜ್ಜಿ ಸಾಸರಿನಿಂದ ಚಹಾ ಹೀರುತ್ತಾ ಕೂತಿದ್ದಾಳೆ.

"ಅಯ್ಯೋ ಮುದುಕೀ! ನೀನು ಸತ್ತೆ ಅಂತ ಹೊಳೆ ದಾಟಿ ಬಂದೆ ನಾನು!"

"ಸತ್ತಿದ್ರೆ ಹೇಳಿ ಕಳಿಸ್ತಿರ್ಲಿಲ್ವೇನೇ? ಬಾಗಿಲು ಹಾಕು, ಚಳಿ."

"ನಿನ್ನ ಒಲೆ ಯಾಕೆ ಹೊತ್ತಿಲ್ಲ?"

"ಕ್ಲಾವ ಒಬ್ಬಳೇ ಆದಳು ಅಂತ ನಿನ್ನೆ ಸಂಜೆ ಇಲ್ಲೇ ಮಲಗೋಕೆ ಬಂದೆ. ಎರಡು ಹೆಂಗಸಿಗೆ ಎರಡು ಒಲೆ ಯಾಕೆ, ನಾವೇನು ಜಮೀನ್ದಾರರಾ?"

ನಾನು ನಗುತ್ತಾ ಬೆಂಚಿನ ಮೇಲೆ ಕುಸಿದೆ. ಬೂಟಿನಿಂದ ನೀರು ನೆಲದ ಮೇಲೆ ಹರಿಯುತ್ತಿತ್ತು. ಕ್ಲಾವ ಒಣಬಟ್ಟೆ ತಂದು ನನ್ನ ಮುಂದೆ ಎಸೆದು, ಮುಖ ಗಂಟಿಕ್ಕಿಕೊಂಡು ಅಂದಳು.

"ಅವನಿಗೆ ಹೇಳು, ತಾನಾಗೇ ಬಂದ್ರೆ ಬಾಗಿಲು ತೆಗೀತೀನಿ. ನಾನು ಕರೆಯೋಕೆ ಬರಲ್ಲ."

"ಯಾರಿಗೆ?"

"ಯಾರಿಗೆ ಅಂದ್ರೆ? ಗೇನಾಗೆ. ನಿನ್ನ ಹತ್ರ ತಾನೆ ಇರೋದು ಅವನು? ಬಾಟ್ಲಿ ಬಚ್ಚಿಟ್ಟೆ ಅಂತ ಜಗಳ ಆಡ್ಕೊಂಡು ಹೋದ. ಅಕ್ಕನ ಮನೇಲಿ ಮಲಗ್ತೀನಿ, ಗಡ್ಡೆ ಕಟ್ಟಿದ ತಕ್ಷಣ ಕಾಪಕ್ಕನ ಹತ್ರ ಹೋಗಿಬಿಡ್ತೀನಿ ಅಂದ. ಆಮೇಲೆ ಗುಡ್ಡ ಹತ್ತಿ ನೋಡಿದ್ರೆ ಆ ಮನೇಲಿ ಹೊಗೆ ಇಲ್ಲ. ಹೊಳೆ ದಾಟಿದ ಅನ್ಕೊಂಡೆ."

ನಾನು ಈಚೆಯಿಂದ ನೋಡಿ ಖಾಲಿ ಮನೆ ಅಂದುಕೊಂಡೆ. ಅವಳು ಆಚೆಯಿಂದ ನೋಡಿ ಈಚೆಗೆ ಬಂದ ಅಂದುಕೊಂಡಳು.

ಒಂದು ಕಾಲಿಗೆ ಬೂಟಿಲ್ಲದೆ ಓಡಿದೆ. ನಿನ್ನ ಬಾಗಿಲು ಒಳಗಿಂದ ಅಗುಳಿ ಹಾಕಿತ್ತು. ಕಿಟಕಿ ಒಡೆದೆ, ಹೊರಗಿನ ಗಾಜು, ಒಳಗಿನ ಗಾಜು. ಒಳಗಿಂದ ಬೆಚ್ಚಗಿನ, ಸಿಹಿಯಾದ ಒಂದು ವಾಸನೆ ಬಂತು. ನಿನಗೆ ಗೊತ್ತು ಅದು. ಕೆಂಡದ ವಿಷಗಾಳಿ, ನಮ್ಮೂರಲ್ಲಿ ಪ್ರತಿ ಮನೆಯಿಂದಲೂ ಒಬ್ಬರನ್ನು ಒಯ್ದ ವಾಸನೆ. ಕೆಂಡದ ಮೇಲೆ ನೀಲಿ ಜ್ವಾಲೆ ಆಡುತ್ತಿರುವಾಗ ಹೊಗೆಗೂಡಿನ ಮುಚ್ಚಳ ಹಾಕಬಾರದು ಅಂತ ಮಾತು ಬರುವ ಮೊದಲೇ ಮಕ್ಕಳಿಗೆ ಕಲಿಸುತ್ತೇವೆ. ಗೇನಾನೇ ಎಷ್ಟು ಜನಕ್ಕೆ ಬೈದಿಲ್ಲ. ಆದರೆ ಹದಿನಾರು ವರ್ಷ ತಣ್ಣಗಿದ್ದ ಮನೆ, ಎಷ್ಟು ಸೌದೆ ಹಾಕಿದರೂ ಬೆಚ್ಚಗಾಗದು; ಸೌದೆ ಹಸಿ; ಶಾಖ ಹೊರಗೆ ಹೋಗದಿರಲಿ ಅಂತ ಬೇಗ ಮುಚ್ಚಿದ್ದಾನೆ. ಒಲೆಯ ಮೇಲಿನ ಜಗಲಿಯಲ್ಲಿ ನಿನ್ನ ಹಳೇ ಕೋಟು ಹೊದ್ದು ಮಲಗಿದ್ದ. ಕೆನ್ನೆ ಕೆಂಪಗೆ, ಮದುಮಗನ ಹಾಗೆ. ಇಟ್ಟಿಗೆಯಲ್ಲಿ ಇನ್ನೂ ಸ್ವಲ್ಪ ಬಿಸಿ ಉಳಿದಿತ್ತು, ಅದೇ ಅವನನ್ನು ಚಳಿಯಿಂದ ಉಳಿಸಿದ್ದು. ಕ್ಲಾವ ಅವನ ಎದೆಗೆ ಕಿವಿಯಿಟ್ಟು, "ಇದೆ, ಇದೆ, ಸದ್ದಿದೆ, ಕತ್ತೆ, ನನ್ನ ಕತ್ತೆ" ಅಂತ ಅಳುತ್ತಾ ಕಪಾಳಕ್ಕೆ ಹೊಡೆದಳು. ಅವನು ಕಣ್ಣು ಬಿಡಲಿಲ್ಲ.

ಮರಳಿ ದಾಟಿದ್ದು ಹೇಗೆ ಅಂತ ವಿವರವಾಗಿ ಬರೆಯಲಾರೆ. ಜಾರುಗಾಡಿಯ ಮೇಲೆ ಅವನು, ಎರಡು ಕಡೆ ಹಗ್ಗ ಹಿಡಿದು, ಮುಂದಕ್ಕೆ ಹಾಸುತ್ತಾ ಹೋದ ಬಾಗಿಲ ಹಲಗೆಗಳ ಮೇಲೆ ತೆವಳುವ ನಾವಿಬ್ಬರು. ಗಡ್ಡೆ ಉದ್ದಕ್ಕೂ ಹಾಡುತ್ತಿತ್ತು. "ಹೇಳು ಕಾಪಾ, ಏನಾದ್ರೂ ಹೇಳ್ತಿರು" ಅಂತ ಕ್ಲಾವ. ನನಗೆ ಬೇರೇನೂ ಬರಲಿಲ್ಲ. ಬ್ರೆಡ್ಡಿನ ಹಳ್ಳಿಗಳ ಹೆಸರು ಒಂದೊಂದಾಗಿ ಹೇಳಿದೆ, ಊರಿಗೆಷ್ಟು ಜನ ಅಂತ. ಐವತ್ತೊಂದೂ ಮುಗಿದಾಗ ದಡ ಬಂತು.

ಅಲ್ಲಿ ಆಂಬುಲೆನ್ಸಿನ ಪಕ್ಕದಲ್ಲಿ ಅರ್ಸೆನಿ ಲ್ವೋವಿಚ್ ನಿಂತಿದ್ದ, ಯಾರೋ ಮುಳುಗಿದರು ಅಂತ ಸುದ್ದಿ ಹೋಗಿ. ಅವನ ಮುಖ ಸುಣ್ಣ. ಡಾಕ್ಟರಮ್ಮ ಗೇನಾನ ರೆಪ್ಪೆ ಎತ್ತಿ ನೋಡುತ್ತಾ, "ಎಷ್ಟು ಹೊತ್ತಾಗಿದೆ? ಯಾವಾಗಿಂದ ಹೀಗಿದಾನೆ?" ಅಂದಳು. ಕ್ಲಾವ ದಿನದ ಲೆಕ್ಕ ಇಟ್ಟಿರಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಹೊಗೆ ಎಣಿಸುವವಳು ನಾನು ತಾನೆ.

"ನಿನ್ನೆ ಬೆಳಿಗ್ಗೆ ಒಂಬತ್ತೂ ಇತ್ತು," ಅಂದೆ.

ಅರ್ಸೆನಿ ಲ್ವೋವಿಚ್ ನನ್ನ ಬರಿಗಾಲು ನೋಡಿದ. ಹೊಳೆ ನೋಡಿದ. "ಪತ್ರಿಕೆಯವರಿಗೆ ಹೇಳಬೇಡಿ," ಅಂದ. ಸೋಮವಾರ ಯಂತ್ರ ಬಂತು. ನಮ್ಮ ತಾಲ್ಲೂಕಿನಲ್ಲಿ ಸಾಹೇಬರ ಹೆದರಿಕೆಯಷ್ಟು ಬೇಗ ಬೀಳುವ ಮೊಹರು ಇನ್ನೊಂದಿಲ್ಲ. ಈಗ ದಾರಿ ಗಟ್ಟಿಯಾಗಿದೆ, ನಿನ್ನೆ ವ್ಯಾನಿನಲ್ಲೇ ದಾಟಿದೆ.

ಗೇನಾ ಐದನೇ ದಿನ ಮಾತಾಡಿದ. ಕೈಕಾಲು ಚೆನ್ನಾಗಿವೆ. ತಲೆಯಲ್ಲಿ ಮಾತ್ರ ಬಹಳ ವರ್ಷ ಇಲ್ಲ. ಡಾಕ್ಟರಮ್ಮ ಹೇಳುತ್ತಾಳೆ, ಬರಬಹುದು, ಬರದೇ ಇರಬಹುದು. ಕ್ಲಾವಳನ್ನು "ನೀವು" ಅನ್ನುತ್ತಾನೆ, ಬಹಳ ಮರ್ಯಾದೆಯಿಂದ. ಅವಳು ಹೊರಗೆ ಹೋಗಿ ಅತ್ತು ಬರುತ್ತಾಳೆ. ಅವನ ಮೊಖೊವೊ ತುಂಬಿದ ಊರು. ಮನೆ ಮನೆಯ ಹೆಸರು ಹೇಳುತ್ತಾನೆ, ಶಾಲೆ ಇದೆ, ಡೈರಿ ಇದೆ, ಮಕಾರ ಅಕಾರ್ಡಿಯನ್ ಬಾರಿಸುತ್ತಾನೆ. ಒಂದು ದಿನ ಸುಮ್ಮನೆ ಕೂತು ಬರೆದುಕೊಂಡೆ. ಮೂವತ್ತೊಂದು ಮನೆ, ಇನ್ನೂರ ಹದಿನಾಲ್ಕು ಜನ. ಒಂದೂ ತಪ್ಪಿಲ್ಲ, ನಾವು ಎಂಟನೇ ತರಗತಿಯಲ್ಲಿದ್ದಾಗಿನ ಲೆಕ್ಕ ಅದು. ನಿನ್ನನ್ನು ಕೇಳುತ್ತಾನೆ. "ರೂಫಕ್ಕ ಹಾಲು ಕರೆಯೋಕೆ ಹೋದೋಳು ಇನ್ನೂ ಬಂದಿಲ್ಲ, ಕರೀ ಕಾಪಕ್ಕಾ" ಅನ್ನುತ್ತಾನೆ. ಬರ್ತಾಳೆ ಅನ್ನುತ್ತೇನೆ. ಸೊಂಟ ನೆಟ್ಟಗಾದ ಮೇಲೆ ಒಂದು ಸಲ ಬಾ. ಬಂದರೆ ಅವನಿಗೆ ಆಶ್ಚರ್ಯ ಆಗುವುದಿಲ್ಲ, ಅಷ್ಟೇ.

ನಿನಗೆ ಒಳ್ಳೆಯದಾಗಲಿ. ಮೂಳೆ ಗಟ್ಟಿಯಾಗಲಿ, ನಿದ್ದೆ ಬರಲಿ. ಉಸ್ತಿನ್ಯಜ್ಜಿ ನಿನ್ನ ಹೆಸರಿನಲ್ಲಿ ಒಂದು ಮೇಣದಬತ್ತಿ ಹಚ್ಚಿದ್ದಾಳೆ, ಆರೋಗ್ಯಕ್ಕೆ. ನಮ್ಮೂರಿನ ಹತ್ತನೆಯವಳಲ್ಲವೇ ನೀನು.

ನಿನ್ನ
ಕಾಪಾ

ತಾ.ಕ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಮೇಲೆ ಒಂದು ಕಡೆ ಸುಳ್ಳು ಬರೆದಿದ್ದೇನೆ. ಶುಕ್ರವಾರ ಎರಡು ಹೊಗೆ ಒಟ್ಟಿಗೆ ಕಾಣೆಯಾದದ್ದಲ್ಲ. ನಿನ್ನ ಮನೆಯದು ಗುರುವಾರ ಬೆಳಿಗ್ಗೆಯೇ ಇರಲಿಲ್ಲ. ಬ್ರೆಡ್ಡಿನ ಪುಸ್ತಕದ ಹಿಂಬದಿಯಲ್ಲಿ ನನ್ನ ಕೈಬರಹದಲ್ಲೇ ಇದೆ: "೧೮. ಎಂಟು. ರೂಫಾಳದಿಲ್ಲ. ಖಾಲಿ ಮನೆ, ತೊಂದರೆಯಿಲ್ಲ." ಬರೆದು, ಪುಸ್ತಕ ಮುಚ್ಚಿ, ವ್ಯಾನು ತೆಗೆದುಕೊಂಡು ವ್ಯಾಪಾರಕ್ಕೆ ಹೋದೆ. ಒಂದು ಹಗಲು, ಒಂದು ರಾತ್ರಿ. ಡಾಕ್ಟರಮ್ಮ ಆಮೇಲೆ ಹೇಳಿದಳು, ಒಂದು ದಿನ ಮೊದಲು ತಂದಿದ್ದರೆ ಇಷ್ಟು ಹೋಗುತ್ತಿರಲಿಲ್ಲ ಅಂತ. ಯಾರಿಗೂ ಗೊತ್ತಿಲ್ಲ. ಕ್ಲಾವ ನನ್ನ ಕೈಗೆ ಮುತ್ತಿಡುತ್ತಾಳೆ, ಜೀವ ಉಳಿಸಿದೆ ಅಂತ. ಆ ಕೈಯನ್ನು ಎಲ್ಲಿ ಇಟ್ಟುಕೊಳ್ಳಲಿ? ನಿನ್ನ ಉತ್ತರ ಬರುವ ತನಕ ಗೇಟಿನ ಸದ್ದಿಗೆ ಬೆಚ್ಚುತ್ತಲೇ ಇರುತ್ತೇನೆ, ಕಚೇರಿಯವರಿಗಲ್ಲ, ಅಂಚೆಯವಳಿಗೆ.

ಆ ಹಾಳೆ ಹರಿದು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಏನು ಮಾಡುತ್ತೀಯೋ ಮಾಡು.

ಲೆಕ್ಕ ಮುಗಿಸುತ್ತೇನೆ. ತಾಲ್ಲೂಕಿಗೆ ಸಿಕ್ಕಿದ್ದು ಮೂರು ಜನ. ಮೊಖೊವೊಗೆ ಏಪ್ರಿಲ್ ತನಕ ಹೊಳೆದಾರಿ. ಅರ್ಸೆನಿ ಲ್ವೋವಿಚ್‌ಗೆ ಜಿಲ್ಲೆಯಿಂದ ಒಂದು ಮೆಚ್ಚುಗೆ ಪತ್ರ. ಉಸ್ತಿನ್ಯಜ್ಜಿಗೆ ಕ್ಲಾವಳ ಒಲೆ, ಕ್ಲಾವಳಿಗೆ ಉಸ್ತಿನ್ಯಜ್ಜಿ. ಗೇನಾಗೆ ಇನ್ನೂರ ಹದಿನಾಲ್ಕು ಜನ. ನನಗೆ ನೀಲಿ ಶಾಲು, ಟಾರ್ಚು, ಸೀಟಿ, ಮತ್ತೆ ಒಂದು ಗುರುವಾರ. ನಿನಗೆ ನಿನ್ನ ಕೀಲಿ, ಹಾಳೆಯೊಳಗೆ ಸುತ್ತಿದ್ದೇನೆ.